ಹೆಸರು ಕೇಳುವ ಆಟ

ಪರಿಚಯವಿಲ್ಲದ ಇಬ್ಬರು ಎದುರಾದಾಗ ಅವರ ನಡುವೆ ಮೊದಲು ಹುಟ್ಟುವುದು ಪ್ರಶ್ನೆ. ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಘಾಟಬೋರಾಳದಂತಹ ಗ್ರಾಮದಲ್ಲಿ ಹೊಸಬನೊಬ್ಬನು ಬಸ್ಸಿನಿಂದ ಇಳಿದು, ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಂದೆ ಹಾದು ಹೋಗುವಾಗ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದೆ ಮುಂದೆ ಸಾಗುವುದು ಕಷ್ಟ. “ಯಾವೂರಿನವರ್ರೀ?” “ಯಾರ ಮನೆಗೆ ಬಂದೀರಿ?” “ಅಡ್ಡಹೆಸರೇನು?” ಇವುಗಳಲ್ಲಿ ಒರಟುತನವಿಲ್ಲ. ಮೊದಲನೆಯ ಪ್ರಶ್ನೆ ದಾರಿಯ ಆಯಾಸವನ್ನು ವಿಚಾರಿಸುವ ಪೀಠಿಕೆ. ಎರಡನೆಯದು ಮನೆ ತೋರಿಸಿಕೊಡುವುದಕ್ಕೆ ಬೇಕಾದದ್ದು. ಉತ್ತರ ಬಂದೊಡನೆ ಒಬ್ಬ ಹುಡುಗನು ಚೀಲವನ್ನು ಎತ್ತಿಕೊಂಡು ಮುಂದೆ ನಡೆಯುತ್ತಾನೆ. ಮೂರನೆಯ ಪ್ರಶ್ನೆ ಮಾತ್ರ ಬೇರೆ ಜಾತಿಯದು. ಅದಕ್ಕೆ ದೊರೆಯುವ ಉತ್ತರದಲ್ಲಿ ಬಂದವನ ಗುಣವಾಗಲಿ, ವಿದ್ಯೆಯಾಗಲಿ, ಅವನ ಇಷ್ಟಾನಿಷ್ಟಗಳಾಗಲಿ ಇರುವುದಿಲ್ಲ. ಅವನನ್ನು ಎಲ್ಲಿ ಕೂರಿಸಬೇಕು, ಯಾವ ಪಾತ್ರೆಯಲ್ಲಿ ನೀರು ಕೊಡಬೇಕು ಎಂಬುದನ್ನು ನಿರ್ಣಯಿಸಲು ಹಿಂದಿನವರು ಬಳಸುತ್ತಿದ್ದ ಅಳತೆಗೋಲು ಅದು. ಆ ಅಳತೆಗೋಲು ಇಂದಿಗೂ ಪೂರ್ಣವಾಗಿ ಮೂಲೆ ಸೇರಿಲ್ಲ.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಪ್ರಶ್ನೆಯೂ ಉಂಟು. ಅದರ ಹೊರಮೈ ಆಟದ್ದು, ಸುತ್ತಲೂ ನಗೆ ಇರುತ್ತದೆ. ಆದರೆ ಅದಕ್ಕೆ ಕೊಡುವ ಉತ್ತರದಲ್ಲಿ ಹೇಳುವವರ ಮನಸ್ಸು ತನಗೆ ತಿಳಿಯದಂತೆಯೇ ಸ್ವಲ್ಪ ಹೊರಗೆ ಬರುತ್ತದೆ. ಮದುವೆಯ ಮನೆಯಲ್ಲಿ ಹೆಸರು ಹೇಳಿಸುವ ಪದ್ಧತಿಯೇ ಅದು.

ಅಕ್ಷತೆ ಬಿದ್ದು, ಊಟ ಮುಗಿದು, ಮದುಮಕ್ಕಳು ವರನ ಮನೆಯ ಹೊಸ್ತಿಲಿಗೆ ಬಂದಾಗ ವರನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲವೆಂಬುದು ಅವರ ಹಟ. ಹೇಳಬೇಕಾದದ್ದು ಗಂಡನ ಹೆಸರು. ಅದನ್ನು ಬರಿದೆ ಹೇಳುವಂತಿಲ್ಲ. ಪ್ರಾಸಕ್ಕೆ ಕಟ್ಟಿ, ಎರಡು ಸಾಲಿನ ನಡುವೆ ಹುದುಗಿಸಿ ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಇದನ್ನು ಒಡಪು ಎನ್ನುತ್ತಾರೆ. ಒಗಟಿಗೂ ಒಡಪು ಎಂಬ ಹೆಸರುಂಟು. ಗಡಿಯಾಚೆಯ ಮರಾಠಿ ಮನೆಗಳಲ್ಲಿ ಇದೇ ಪದ್ಧತಿಗೆ ಉಖಾಣಾ ಎಂದು ಹೆಸರು. ಆ ಮಾತಿಗೂ ಒಗಟೆಂಬ ಅರ್ಥವಿದೆ. ಎರಡು ಭಾಷೆಗಳೂ ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡುಕೊಂಡಂತಿದೆ: ಹೆಸರು ಹೇಳುವುದೂ ಒಂದು ಒಗಟು, ಅದನ್ನು ಬಿಡಿಸಬೇಕಾದವರು ಕೇಳುವವರು.

ಒಡಪಿನ ರಚನೆ ಸರಳವಾದದ್ದು. ಮೊದಲ ಸಾಲಿನಲ್ಲಿ ಮನೆಯ ಅಥವಾ ಹೊಲದ ಯಾವುದೋ ವಸ್ತು ಬರುತ್ತದೆ. ತೊಟ್ಟಿಲು, ಬೀಸುಕಲ್ಲು, ಬೆಳ್ಳಿಯ ಬಟ್ಟಲು, ಮಲ್ಲಿಗೆಯ ಬಳ್ಳಿ, ಏನಾದರೂ ಆಗಬಹುದು. ಎರಡನೆಯ ಸಾಲಿನಲ್ಲಿ ಹೆಸರು ಬಂದು ಪ್ರಾಸ ಕೂಡುತ್ತದೆ. ವರನ ಹೆಸರು ಶಿವರಾಜ ಎಂದು ಇಟ್ಟುಕೊಂಡರೆ, ಒಬ್ಬ ಹುಡುಗಿ ಹೀಗೆ ಹೇಳಬಹುದು:

ಎರೆಯ ಹೊಲದಾಗ ತೊಗರಿಯ ಸಾಲು,
ಶಿವರಾಜರ ಮನ್ಯಾಗ ನನಗೂ ಒಂದು ಪಾಲು.

ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ನಾದಿನಿಯು ಬಾಗಿಲು ಬಿಡುತ್ತಾಳೆ. ಹಿಂದೆ ನಿಂತ ಅತ್ತೆಯು ಮಾತ್ರ ಪಾಲು ಎಂಬ ಮಾತನ್ನು ಗಮನಿಸದೆ ಇರಲಾರಳು. ಹುಡುಗಿಗೆ ಬೇಕಾಗಿದ್ದದ್ದು ಸಾಲು ಎಂಬುದಕ್ಕೆ ಒಂದು ಪ್ರಾಸವಷ್ಟೇ ಇರಬಹುದು. ಹಾಲು ಎಂದಿದ್ದರೂ ಪ್ರಾಸ ಕೂಡುತ್ತಿತ್ತು, ಕಾಲು ಎಂದಿದ್ದರೂ ಕೂಡುತ್ತಿತ್ತು. ಆದರೆ ನಾಲಗೆಗೆ ಮೊದಲು ಬಂದದ್ದು ಪಾಲು. ಹೊಸ ಮನೆಯಲ್ಲಿ ತಾನು ಅತಿಥಿಯಲ್ಲ, ದುಡಿಯುವ ಕೈ ಮಾತ್ರವೂ ಅಲ್ಲ ಎಂಬ ಅರಿವು ಆ ಒಂದು ಪದದಲ್ಲಿ ಕುಳಿತಿದೆ. ನೇರವಾಗಿ ಹೇಳಿದ್ದರೆ ಅದು ಜಗಳದ ಮಾತಾಗುತ್ತಿತ್ತು.

ಇನ್ನೊಬ್ಬಳು ಚತುರೆ. ಬೀದರ ಜಿಲ್ಲೆಯಲ್ಲಿ ತೊಗರಿ, ಉದ್ದುಗಳ ಜೊತೆಗೆ ಹೆಸರುಕಾಳನ್ನೂ ಬೆಳೆಯುತ್ತಾರೆ. ಅವಳು ಅದನ್ನೇ ಹಿಡಿದುಕೊಂಡು, ಹೊಲದಲ್ಲಿ ಬಿತ್ತಿದ್ದೂ ಹೆಸರು, ಒಲೆಯ ಮೇಲೆ ಬೆಂದದ್ದೂ ಹೆಸರು, ಇನ್ನು ಬಾಯಲ್ಲಿ ಯಾವ ಹೆಸರು ಬೇಕು ಎಂದು ಕೇಳಿದವರಿಗೇ ಪ್ರಶ್ನೆ ಹಾಕಬಲ್ಲಳು. ಇಲ್ಲಿ ಗಂಡನ ಹೆಸರು ಬರಲೇ ಇಲ್ಲ. ನಗು ಮಾತ್ರ ಬಂದಿತು. ಇವಳನ್ನು ಸುಲಭವಾಗಿ ಮಣಿಸಲಾಗದು ಎಂಬುದು ಅಷ್ಟರಲ್ಲೇ ಎಲ್ಲರಿಗೂ ತಿಳಿದುಹೋಯಿತು. ಮೂರನೆಯವಳು ಅಜ್ಜಿ ಕಲಿಸಿದ ಹಳೆಯ ಒಡಪನ್ನು ತಲೆಯೆತ್ತದೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ. ಅವಳಿಗೆ ಮಾತು ಬಾರದೆಂದು ತಿಳಿಯುವುದು ಸರಿಯಲ್ಲ. ಗುರುತಿಲ್ಲದ ಮನೆಯಲ್ಲಿ ಮೊದಲ ದಿನವೇ ತನ್ನನ್ನು ತೆರೆದಿಡಲು ಅವಳಿಗೆ ಮನಸ್ಸಿಲ್ಲ. ಹಳೆಯ ಒಡಪು ಅವಳಿಗೆ ಸೆರಗಿನಂತೆ ಒದಗಿತು.

ಗಂಡಿನ ಸರದಿ ಬಂದಾಗ ಆಟಕ್ಕೆ ಬೇರೆ ರಂಗು ಬರುತ್ತದೆ. ಹೆಂಡತಿಯ ಹೆಸರು ಹಿಡಿದು ಕೂಗಲು ಗಂಡಸಿಗೆ ಅಷ್ಟಾಗಿ ಅಡ್ಡಿ ಇರಲಿಲ್ಲ. ಆದರೂ ಹತ್ತು ಮಂದಿಯ ಮುಂದೆ ಅದನ್ನು ಪ್ರಾಸಕ್ಕೆ ಕಟ್ಟಿ ಹೇಳೆಂದರೆ ಅವನು ಬೆವರುತ್ತಾನೆ. ಸಂತೆಯಲ್ಲಿ ಎತ್ತಿನ ಬೆಲೆ ಗಟ್ಟಿಸಿ ಮಾತಾಡುವವನೂ ಹೊಸ್ತಿಲ ಬಳಿ ತೊದಲುತ್ತಾನೆ. ಪಕ್ಕದಲ್ಲಿ ನಿಂತ ಗೆಳೆಯನು ಕಿವಿಯಲ್ಲಿ ಊದಿದ್ದನ್ನು ಅರ್ಧ ಮರೆತು ಒಪ್ಪಿಸುವವರೇ ಹೆಚ್ಚು. ಅಪರೂಪಕ್ಕೊಬ್ಬನು ನಿಂತು, ಯೋಚಿಸಿ, ತನ್ನದೇ ಎರಡು ಸಾಲು ಹೇಳುತ್ತಾನೆ. ಮದುಮಗಳು ಅವನತ್ತ ಮೊದಲ ಬಾರಿಗೆ ಮುಖವೆತ್ತಿ ನೋಡುವುದು ಆಗಲೇ.

ಆಟವು ಮದುಮಕ್ಕಳಲ್ಲಿಯೇ ನಿಲ್ಲುವುದಿಲ್ಲ. ಹೊಸಬಳು ಹೇಳಿದ ಮೇಲೆ, ಕೇಳಿದವರೂ ಹೇಳಬೇಕೆಂದು ಒತ್ತಾಯ ಬರುತ್ತದೆ. ನಾದಿನಿ, ಓರಗಿತ್ತಿ, ಚಿಕ್ಕಮ್ಮ, ಸೋದರತ್ತೆ, ಹೀಗೆ ಸರದಿ ಸಾಗುತ್ತದೆ. ಹಲ್ಲುದುರಿದ ಅಜ್ಜಿಯು ಎದುರಿಗೆ ಕುಳಿತ ಅಜ್ಜನ ಹೆಸರನ್ನು ಹಾಡಿನ ಧಾಟಿಯಲ್ಲಿ ಹೇಳಿದಾಗ ಮನೆಯೇ ಅಲುಗುವಂತೆ ನಗು ಏಳುತ್ತದೆ. ಕುಬಸದ ಕಾರ್ಯದಲ್ಲಿ, ತೊಟ್ಟಿಲ ಕಾರ್ಯದಲ್ಲಿಯೂ ಹೀಗೆಯೇ. ಆದರೆ ಆ ಸುತ್ತು ಗಂಡನನ್ನು ಕಳೆದುಕೊಂಡವಳ ಬಳಿಗೆ ಬಂದಾಗ ಅವಳನ್ನು ದಾಟಿ ಮುಂದಿನವಳ ಕಡೆಗೆ ಹೋಗುತ್ತಿತ್ತು. ಯಾರೂ ಅವಳಿಗೆ ಬೇಡವೆಂದು ಹೇಳುತ್ತಿರಲಿಲ್ಲ. ಯಾರೂ ಕೇಳುತ್ತಿರಲಿಲ್ಲ, ಅಷ್ಟೆ. ಕೇಳದೆ ಉಳಿಯುವ ಪ್ರಶ್ನೆಯೂ ಒಂದು ಸಮಾಜವನ್ನು ಕುರಿತು ಬಹಳ ಹೇಳುತ್ತದೆ.

ಈ ಆಟಕ್ಕೆ ಇಷ್ಟೊಂದು ರುಚಿ ಬಂದುದಕ್ಕೆ ಕಾರಣ ನಿತ್ಯದ ನಿಷೇಧ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕ್ಷೀಣಿಸುತ್ತದೆ ಎಂಬ ನಂಬಿಕೆ ಭಾರತದ ಅನೇಕ ಭಾಗಗಳಲ್ಲಿ ಇದ್ದಿತು. ಆದುದರಿಂದ “ನಮ್ಮನೆಯವರು”, “ಇವರು”, “ಇಂಥ ಹುಡುಗನ ಅಪ್ಪ” ಎಂದು ಸುತ್ತುಬಳಸಿ ಹೇಳಿ ದಿನ ಕಳೆಯುತ್ತಿದ್ದರು. ವರ್ಷದಲ್ಲಿ ಒಂದೆರಡು ಸಲ ಒಡಪಿನ ನೆಪದಲ್ಲಿ ಆ ಬೀಗ ತೆರೆಯುತ್ತಿತ್ತು. ಈ ನಿಷೇಧವು ಮನೆಯೊಳಗೆ ನಗೆಯ ವಿಷಯವಾದರೂ ಕಚೇರಿಯ ಮುಂದೆ ಕಷ್ಟದ ವಿಷಯವಾಗುತ್ತಿತ್ತು. ಜನಗಣತಿಯವರು ಬಂದಾಗ, ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ, ಮಗುವನ್ನು ಶಾಲೆಗೆ ಸೇರಿಸುವಾಗ ಗಂಡನ ಹೆಸರನ್ನು ಕೇಳಿದರೆ ಆ ಹೆಂಗಸು ತಲೆತಗ್ಗಿಸಿ ನಿಲ್ಲುತ್ತಿದ್ದಳು. ಜೊತೆಯಲ್ಲಿ ಮಗನಿದ್ದರೆ ಅವನು ಹೇಳುತ್ತಿದ್ದನು. ಯಾರೂ ಇಲ್ಲದಿದ್ದರೆ ಅವಳು ಗುಮಾಸ್ತನಿಗೇ ಒಗಟು ಹಾಕುತ್ತಿದ್ದಳು: ಕೈಲಾಸದಲ್ಲಿರುವವನ ಹೆಸರು ಎಂದೋ, ಸೀತೆಯ ಗಂಡನ ಹೆಸರು ಎಂದೋ. ಗುಮಾಸ್ತನು ಬುದ್ಧಿವಂತನಾದರೆ ಹೆಸರು ಸರಿಯಾಗಿ ದಾಖಲಾಗುತ್ತಿತ್ತು. ಶಿವನಿಗಾದರೋ ಹೆಸರುಗಳು ಒಂದೆರಡಲ್ಲ. ಈಶ್ವರನು ಶಂಕರನಾಗಿ, ಶಂಕರನು ಮಹಾದೇವನಾಗಿ ಪುಸ್ತಕದಲ್ಲಿ ಸೇರಿದರೆ ಮುಂದೆ ಹೊಲದ ಪಹಣಿಯಲ್ಲಿ ತೊಡಕು ಹುಟ್ಟುವ ಸಂಭವವಿತ್ತು. ಬಾಯಲ್ಲಿ ಬಾರದ ಒಂದು ಹೆಸರಿಗಾಗಿ ಭೂಮಿಯ ಹಕ್ಕೇ ಗೊಂದಲಕ್ಕೆ ಬೀಳಬಹುದಾಗಿತ್ತು.

ಹೊಸಬರನ್ನು ಏನೆಂದು ಕೇಳಬೇಕು ಎಂಬ ವಿಚಾರವು ಈ ಸೀಮೆಗೆ ಹೊಸದಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವು 12ನೆಯ ಶತಮಾನದಲ್ಲಿ ಕಲಚೂರಿ ಬಿಜ್ಜಳನ ವಶಕ್ಕೆ ಬಂದ ಕಾಲದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರಿಗೆ ಇದೇ ಮೊದಲ ಸಮಸ್ಯೆಯಾಗಿತ್ತು. ದೂರದೂರದಿಂದ ಜನ ಬರುತ್ತಿದ್ದರು. ಬಂದವನನ್ನು ಯಾರ ಪೈಕಿ ಎಂದು ಕೇಳಿದರೆ ಹಳೆಯ ಗೋಡೆಯೇ ಮತ್ತೆ ಏಳುತ್ತದೆ. ಬಂದವನನ್ನು ಯಾರವನೆಂದು ವಿಚಾರಿಸುವುದರ ಬದಲು ನಮ್ಮವನೆಂದು ಎಣಿಸಿಕೊಳ್ಳುವಂತಾಗಲಿ ಎಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡಿಕೊಂಡ ವಚನವು ಕನ್ನಡಿಗರೆಲ್ಲರಿಗೂ ಪರಿಚಿತ. ಅದು ಭಕ್ತಿಯ ಮಾತೆಂಬುದು ನಿಜ; ಜೊತೆಗೆ ಅದು ಕಟ್ಟೆಯ ಮೇಲಿನ ಮೂರನೆಯ ಪ್ರಶ್ನೆಯನ್ನು ಕೈಬಿಡಬೇಕೆಂಬ ಸ್ಪಷ್ಟ ಸೂಚನೆಯೂ ಹೌದು.

ಶರಣರು ತಮ್ಮನ್ನು ತಾವು ಹೇಗೆ ಪರಿಚಯಿಸಿಕೊಂಡರೆಂಬುದನ್ನು ಅವರ ಹೆಸರುಗಳಲ್ಲಿಯೇ ಕಾಣಬಹುದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಡೋಹರ ಕಕ್ಕಯ್ಯ, ಮೋಳಿಗೆ ಮಾರಯ್ಯ. ಬೇರೆಯವರು ಕೀಳೆಂದು ಕರೆದ ಕಸುಬನ್ನು ಅವರು ಹೆಸರಿನ ಹಿಂದೆ ಬಚ್ಚಿಡಲಿಲ್ಲ, ಮುಂದಿಟ್ಟರು. ನೀನಾರು ಎಂಬ ಪ್ರಶ್ನೆಗೆ, ದೋಣಿ ನಡೆಸುವವನು, ಹಗ್ಗ ಹೊಸೆಯುವವನು, ಕಟ್ಟಿಗೆಯ ಹೊರೆ ತರುವವನು ಎಂಬುದೇ ಪೂರ್ಣ ಉತ್ತರವಾಯಿತು. ಅವಮಾನದ ಪ್ರಶ್ನೆಗೆ ಇಷ್ಟು ನಿರಾಳವಾದ ಉತ್ತರ ಚರಿತ್ರೆಯಲ್ಲಿ ಹೆಚ್ಚು ದೊರೆಯುವುದಿಲ್ಲ.

ಅವರ ಹೆಂಗಸರು ಗಂಡನ ಹೆಸರಿನ ವಿಷಯದಲ್ಲಿ ನಡೆದುಕೊಂಡ ರೀತಿಯೂ ಗಮನಾರ್ಹವಾಗಿದೆ. ಪ್ರತಿಯೊಂದು ವಚನದ ಕೊನೆಗೆ ಒಂದು ಅಂಕಿತ ಬರುತ್ತದೆ. ಆಯ್ದಕ್ಕಿ ಮಾರಯ್ಯನ ಹೆಂಡತಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮನದು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಇಬ್ಬರೂ ಗಂಡನ ಹೆಸರನ್ನು ದೇವರ ಹೆಸರಿನ ಪಕ್ಕದಲ್ಲಿಯೇ, ಬಾಯಿತುಂಬ, ವಚನ ವಚನಕ್ಕೂ ಹೇಳಿದರು. ಮೋಳಿಗೆ ಮಾರಯ್ಯನ ಹೆಂಡತಿ ಮಹಾದೇವಿಯಾದರೋ ಹೆಸರನ್ನು ಹೇಳದೆ ‘ಎನ್ನಯ್ಯಪ್ರಿಯ’ ಎಂದಷ್ಟೇ ಅಂಕಿತ ಮೊದಲುಮಾಡಿದಳು. ಒಬ್ಬರಿಗೆ ಹೆಸರು ಹೇಳುವುದರಲ್ಲಿ ಪ್ರೀತಿ. ಇನ್ನೊಬ್ಬರಿಗೆ ಹೇಳದಿರುವುದರಲ್ಲಿ ಪ್ರೀತಿ. ಯಾವುದು ಹೆಚ್ಚೆಂದು ತೂಗುವ ಕೆಲಸ ಇಲ್ಲಿ ಬೇಕಾಗಿಲ್ಲ.

ಗಂಡನ ಹೆಸರು ಹೇಳಿದ ಲಕ್ಕಮ್ಮನು ಗಂಡನಿಗೆ ಪ್ರಶ್ನೆ ಹಾಕುವುದಕ್ಕೂ ಹಿಂಜರಿಯಲಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಇಷ್ಟೇಕೆ ತಂದೆ, ಬಡವರಿಗೆ ಆಸೆಯುಂಟೆ ಎಂಬ ಅರ್ಥದಲ್ಲಿ ಅವಳು ವಿಚಾರಿಸಿ, ಮಿಕ್ಕಿದ್ದನ್ನು ಇದ್ದ ಜಾಗದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಒಂದು ಮನೆಯ ಒಳಗಿನ ಈ ಚಿಕ್ಕ ಪ್ರಶ್ನೆಯಿಂದ ಇಬ್ಬರ ಸ್ವಭಾವವೂ ಬೆಳಕಿಗೆ ಬರುತ್ತದೆ. ಕೇಳಿದವಳ ನಿಷ್ಠುರತೆ ಒಂದು, ಕೇಳಿಸಿಕೊಂಡು ಅಕ್ಕಿಯನ್ನು ಹಿಂದಕ್ಕೆ ಒಯ್ದವನ ಸರಳತೆ ಇನ್ನೊಂದು.

ಪ್ರಶ್ನೆಯಿಂದ ವ್ಯಕ್ತಿಯನ್ನು ಅರಿಯುವ ರೀತಿಗೆ ಕನ್ನಡದಲ್ಲಿ ಬಹು ದೊಡ್ಡ ನಿದರ್ಶನವೆಂದರೆ ‘ಶೂನ್ಯಸಂಪಾದನೆ’. ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ ಈ ಕೃತಿಯನ್ನು ಮೊದಲು ಸಂಕಲಿಸಿದವನು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಶರಣರ ಕಾಲಕ್ಕೂ ಈ ಕೃತಿಗೂ ಸುಮಾರು ಮುನ್ನೂರು ವರ್ಷಗಳ ಅಂತರವಿರುವುದರಿಂದ ಅದರಲ್ಲಿನ ಸನ್ನಿವೇಶಗಳನ್ನು ಕಣ್ಣಾರೆ ಕಂಡವರ ವರದಿಯೆಂದು ತಿಳಿಯಲಾಗದು. ಆದರೂ ಉಡುತಡಿಯಿಂದ ನಡೆದು ಬಂದ ಅಕ್ಕಮಹಾದೇವಿಯು ಅನುಭವಮಂಟಪದ ಬಾಗಿಲಲ್ಲಿ ನಿಲ್ಲುವ ಸನ್ನಿವೇಶವನ್ನು ಓದುವವರಿಗೆ ಮದುವೆಯ ಮನೆಯ ಹೊಸ್ತಿಲು ನೆನಪಾಗದಿರದು. ಇಲ್ಲಿ ಅಡ್ಡ ನಿಂತವನು ಅಲ್ಲಮಪ್ರಭು. ಅವನು ಕೇಳುವುದೂ ಗಂಡನ ವಿಷಯವನ್ನೇ. ನಿನ್ನ ಪತಿ ಯಾರೆಂದು ಗುರುತು ಹೇಳಿದರೆ ಒಳಗೆ ಬಂದು ಕುಳಿತುಕೋ, ಇಲ್ಲವಾದರೆ ಹಿಂದಿರುಗು ಎಂಬುದು ಅವನ ಮಾತಿನ ಧೋರಣೆ.

ಕೌಶಿಕನನ್ನು ತೊರೆದು ಬಂದ ಹೆಣ್ಣಿಗೆ ಇದಕ್ಕಿಂತ ಹರಿತವಾದ ಪ್ರಶ್ನೆ ಬೇರೊಂದಿಲ್ಲ. ಅವಳು ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂದು ಉತ್ತರಿಸುತ್ತಾಳೆ. ಅಲ್ಲಮನು ಅಷ್ಟಕ್ಕೆ ತೃಪ್ತನಾಗುವುದಿಲ್ಲ. ಬಟ್ಟೆಯನ್ನು ಬಿಟ್ಟವಳು ಕೂದಲನ್ನೇಕೆ ಮೈಗೆ ಮರೆ ಮಾಡಿಕೊಂಡೆ ಎಂದು ಮತ್ತೆ ಕೆಣಕುತ್ತಾನೆ. ಒಳಗೆ ಹಣ್ಣಾಗದೆ ಹೊರಗಿನ ಸಿಪ್ಪೆ ತನ್ನ ಹೊಳಪನ್ನು ಕಳೆದುಕೊಳ್ಳದು. ನೋಡುವವರ ಮನಸ್ಸಿಗೆ ನೋವಾಗಬಾರದೆಂದು ಮರೆ ಮಾಡಿಕೊಂಡೆ ಎಂಬುದು ಅವಳ ಉತ್ತರದ ತಾತ್ಪರ್ಯ. ತನ್ನ ದೌರ್ಬಲ್ಯವನ್ನು ಹುಡುಕಿದ ಪ್ರಶ್ನೆಗೆ ಅವಳು ಕೋಪಿಸಿಕೊಳ್ಳಲಿಲ್ಲ, ಅಳಲಿಲ್ಲ, ಕೇಳಿದವರ ಮೇಲಿನ ಕರುಣೆಯನ್ನು ಉತ್ತರವಾಗಿಸಿದಳು. ಆಮೇಲೆ ಅವಳನ್ನು ಒಳಗೆ ಕರೆಯಬೇಕೆಂದು ಯಾರೂ ವಾದಿಸಬೇಕಾಗಲಿಲ್ಲ. ಅಲ್ಲಮನ ಪ್ರಶ್ನೆ ಅವಳನ್ನು ತಡೆಯುವುದಕ್ಕೆ ಹುಟ್ಟಿದ್ದಲ್ಲ. ಅವಳು ಎಂಥವಳೆಂಬುದನ್ನು ಸಭೆಯು ಅವಳ ಬಾಯಿಂದಲೇ ಕೇಳಲಿ ಎಂಬುದಕ್ಕಾಗಿ ಹುಟ್ಟಿದ್ದು.

ಕಲ್ಯಾಣದ ಕಥೆ ಸಂವಾದದಲ್ಲಿಯೇ ಮುಗಿದಿದ್ದರೆ ಒಳ್ಳೆಯದಾಗುತ್ತಿತ್ತು. ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾಯಿತೆಂದೂ, ಬಿಜ್ಜಳನು ಆ ಇಬ್ಬರು ತಂದೆಯರಿಗೂ ಮರಣದಂಡನೆ ವಿಧಿಸಿದನೆಂದೂ, ನಗರವು ಕ್ಷೋಭೆಗೆ ಸಿಕ್ಕಿ ಶರಣರು ಚದುರಿದರೆಂದೂ ಪರಂಪರೆಯು ಹೇಳುತ್ತದೆ. ಇದು 12ನೆಯ ಶತಮಾನದ ಏಳನೆಯ ದಶಕದ ಮಾತು. ಆ ಮದುವೆಯಲ್ಲಿ ವಧೂವರರು ಪರಸ್ಪರ ಏನನ್ನು ಕೇಳಿಕೊಂಡರೋ ತಿಳಿಯದು. ಊರು ಕೇಳಿದ್ದು ಮಾತ್ರ ಯಾರ ಪೈಕಿ ಎಂಬ ಹಳೆಯ ಪ್ರಶ್ನೆಯನ್ನೇ. ಇಂದಿನ ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಯನ್ನು ನೋಡಲು ಹೋಗುವವರಿಗೆ ಈ ಸಂಗತಿ ತಾನಾಗಿ ನೆನಪಾಗುತ್ತದೆ.

ಆಟದ ಪ್ರಶ್ನೆಗಳಿಂದ ಮನುಷ್ಯನನ್ನು ಅರಿಯುವ ಹವ್ಯಾಸ ಬೇರೆ ದೇಶಗಳಲ್ಲಿಯೂ ಬೆಳೆದಿದೆ. 19ನೆಯ ಶತಮಾನದ ಇಂಗ್ಲೆಂಡಿನ ಮನೆಗಳಲ್ಲಿ ಅಚ್ಚಾದ ಪ್ರಶ್ನೆಗಳ ಪುಸ್ತಕವೊಂದು ಮೇಜಿನ ಮೇಲೆ ಇರುತ್ತಿತ್ತು. ನಿನ್ನ ಮೆಚ್ಚಿನ ಗುಣ ಯಾವುದು, ಬಣ್ಣ ಯಾವುದು, ಸುಖವೆಂದರೇನು, ದುಃಖವೆಂದರೇನು ಎಂಬಂತಹ ಪ್ರಶ್ನೆಗಳಿಗೆ ಬಂದ ಅತಿಥಿಗಳು ಉತ್ತರ ಬರೆಯಬೇಕಾಗಿತ್ತು. 1865ರಲ್ಲಿ ಕಾರ್ಲ್ ಮಾರ್ಕ್ಸನು ತನ್ನ ಹೆಣ್ಣುಮಕ್ಕಳ ಒತ್ತಾಯಕ್ಕೆ ಮಣಿದು ಇಂತಹ ಪ್ರಶ್ನೆಗಳಿಗೆ ಉತ್ತರ ಕೊಟ್ಟನು. ಸುಖವೆಂದರೆ ಹೋರಾಟ, ದುಃಖವೆಂದರೆ ಶರಣಾಗತಿ, ಮೆಚ್ಚಿನ ಕೆಲಸ ಪುಸ್ತಕದ ಹುಳುವಾಗಿರುವುದು, ಮೆಚ್ಚಿನ ತಿನಿಸು ಮೀನು ಎಂಬುದು ಅವನ ಉತ್ತರಗಳ ಸಾರ. ಮೂರು ವರ್ಷಗಳ ತರುವಾಯ ಅವನ ಜೀವದ ಗೆಳೆಯ ಎಂಗೆಲ್ಸನೂ ಉತ್ತರಿಸಿದನು. ಅವನಿಗೆ ಸುಖವೆಂದರೆ 1848ರ ಒಂದು ಫ್ರೆಂಚ್ ದ್ರಾಕ್ಷಾರಸ, ದುಃಖವೆಂದರೆ ಹಲ್ಲಿನ ವೈದ್ಯನ ಬಳಿಗೆ ಹೋಗುವುದು. 1848 ಯುರೋಪಿನಲ್ಲಿ ಕ್ರಾಂತಿಗಳು ಸಿಡಿದ ವರ್ಷವೂ ಹೌದೆಂಬುದನ್ನು ನೆನೆದರೆ ಆ ವಿನೋದದ ಒಳಗೊಂದು ಗಂಭೀರವಾದ ನೆನಪು ಅಡಗಿದೆಯೆಂದು ಊಹಿಸಬಹುದು. ಒಂದೇ ಸಿದ್ಧಾಂತಕ್ಕೆ ಬಾಳನ್ನು ಕೊಟ್ಟ ಇಬ್ಬರ ಸ್ವಭಾವಗಳು ಎಷ್ಟು ಬೇರೆಯಾಗಿದ್ದವೆಂಬುದು ಅವರ ದೊಡ್ಡ ಗ್ರಂಥಗಳಿಗಿಂತ ಈ ಹಾಳೆಗಳಲ್ಲಿ ಬೇಗ ಗೋಚರಿಸುತ್ತದೆ.

ಫ್ರಾನ್ಸಿನ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟನು ಬಾಲಕನಾಗಿದ್ದಾಗ, 1886ರ ಸುಮಾರಿನಲ್ಲಿ, ಗೆಳತಿಯೊಬ್ಬಳ ಇಂತಹದೇ ಪುಸ್ತಕದಲ್ಲಿ ಬರೆದನು. ದುಃಖವೆಂದರೇನು ಎಂಬುದಕ್ಕೆ ತಾಯಿಯಿಂದ ಅಗಲುವುದು ಎಂದು ಅವನ ಉತ್ತರ. 1913ರಲ್ಲಿ ಅವನ ಮಹಾ ಕಾದಂಬರಿಯ ಮೊದಲ ಸಂಪುಟ ಹೊರಬಂದಾಗ, ಮಲಗುವ ಹೊತ್ತಿಗೆ ತಾಯಿಯು ಬಂದು ಮುತ್ತು ಕೊಡುವಳೋ ಇಲ್ಲವೋ ಎಂದು ಕಾತರಿಸುವ ಬಾಲಕನು ಅದರ ಆರಂಭದಲ್ಲಿಯೇ ಇದ್ದನು. ಆಟಕ್ಕಾಗಿ ಬರೆದ ಒಂದು ಸಾಲು ಮುಂದಿನ ಕೃತಿಯ ಬೀಜವಾಗಿತ್ತೆಂದು ಓದುಗರು ಅನಂತರ ಕಂಡುಕೊಂಡರು.

ಅನಂತರ ಕಂಡುಕೊಂಡರು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮೆಚ್ಚಿನ ಬಣ್ಣವನ್ನೋ ಹೂವನ್ನೋ ಕೇಳಿ ಒಬ್ಬರ ಸ್ವಭಾವವನ್ನು ಸಾರುವ ಪಟ್ಟಿಗಳು ವಾರಪತ್ರಿಕೆಗಳಲ್ಲಿ ಪ್ರಕಟವಾಗುತ್ತ ಬಂದಿವೆ. ಅವು ತನಗೆ ಬಹಳ ಸರಿಯಾಗಿ ಒಪ್ಪುತ್ತವೆಂದು ಓದಿದ ಪ್ರತಿಯೊಬ್ಬನಿಗೂ ಅನ್ನಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರನು 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಬಳಿಕ ಅವರವರ ಸ್ವಭಾವದ ವಿವರಣೆಯೆಂದು ಒಂದೊಂದು ಹಾಳೆಯನ್ನು ಹಂಚಿದನು. ಅದು ಎಷ್ಟು ನಿಜವೆಂದು 5ಕ್ಕೆ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂದಿತು. ವಾಸ್ತವವಾಗಿ ಎಲ್ಲರಿಗೂ ಕೊಟ್ಟ ಹಾಳೆ ಒಂದೇ ಆಗಿತ್ತು. ಹಂಚಿದ ಬಹುಪಾಲು ಸಾಲುಗಳನ್ನು ಅವನು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕವೊಂದರಿಂದ ಆರಿಸಿದ್ದನು. ಒಂದು ಉತ್ತರದಿಂದ ಮನುಷ್ಯನ ಪೂರ್ಣ ಚಿತ್ರವನ್ನು ಬರೆಯುವೆನೆನ್ನುವವರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದಕ್ಕೆ ಈ ಪ್ರಯೋಗವೊಂದೇ ಸಾಕು. ಪಾಲು ಎಂದ ಹುಡುಗಿಯ ವಿಷಯದಲ್ಲಿಯೂ ಅತ್ತೆಯು ಆತುರಪಡಬಾರದು.

ಹಾಗಾದರೆ ಇಂತಹ ಪ್ರಶ್ನೆಗಳಿಂದ ಪ್ರಯೋಜನವೇನು? ಇದಕ್ಕೆ ಇನ್ನೊಂದು ಪ್ರಯೋಗದಲ್ಲಿ ಸ್ವಲ್ಪ ಸಮಾಧಾನ ದೊರೆಯುತ್ತದೆ. ಆರ್ಥರ್ ಆರನ್ ಮತ್ತು ಅವನ ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಸ್ಪರ ಗುರುತಿಲ್ಲದ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಸುಮಾರು 45 ನಿಮಿಷಗಳ ಕಾಲ ಪ್ರಶ್ನೆಗಳನ್ನು ಕೊಡಲಾಯಿತು. ಪ್ರಶ್ನೆಗಳು ಒಟ್ಟು 36. ಯಾರನ್ನಾದರೂ ಊಟಕ್ಕೆ ಕರೆಯಬಹುದಾದರೆ ಯಾರನ್ನು ಕರೆಯುವೆ ಎಂಬಂತಹ ಹಗುರವಾದ ಪ್ರಶ್ನೆಯಿಂದ ಆರಂಭವಾಗಿ ಅವು ಮೆಲ್ಲನೆ ಆಳಕ್ಕೆ ಇಳಿಯುತ್ತಿದ್ದವು. ಹಬ್ಬ ಮುಂತಾದ ಮೇಲುಮಾತಿನ ಪ್ರಶ್ನೆಗಳನ್ನು ಪಡೆದ ಜೋಡಿಗಳಿಗಿಂತ ಇವರಲ್ಲಿ ಹೆಚ್ಚಿನ ಆತ್ಮೀಯತೆ ಕಂಡುಬಂದಿತು. ಇಲ್ಲಿದ್ದ ಮುಖ್ಯ ನಿಯಮವೆಂದರೆ ಇಬ್ಬರೂ ಉತ್ತರ ಹೇಳಬೇಕೆಂಬುದು. ಕೇಳುವವನೊಬ್ಬ, ಹೇಳುವವನೊಬ್ಬ ಎಂದಾದರೆ ಅದು ವಿಚಾರಣೆ. ಹೊಸ್ತಿಲಲ್ಲಿ ಅಡ್ಡ ನಿಂತ ನಾದಿನಿಯನ್ನು ನೀನೂ ಹೇಳು ಎಂದು ಹಿಡಿದೆಳೆಯುವ ಹೆಂಗಸರಿಗೆ ಈ ನಿಯಮವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕಟ್ಟೆಯ ಮೇಲಿನ ಹಿರಿಯರಿಗೆ ಮಾತ್ರ ಅದನ್ನು ಕಲಿಸುವವರು ಬೇಕಾಗಿತ್ತು. ಅವರು ಹೊಸಬನ ಅಡ್ಡಹೆಸರನ್ನು ಕೇಳುತ್ತಿದ್ದರೇ ಹೊರತು ತಮ್ಮದನ್ನು ತಾವಾಗಿ ಹೇಳುತ್ತಿರಲಿಲ್ಲ.

ಒಡಪಿನ ಪದ್ಧತಿ ಇಂದಿಗೂ ನಿಂತಿಲ್ಲ. ಕಲ್ಯಾಣಮಂಟಪದಲ್ಲಿ ಧ್ವನಿವರ್ಧಕವನ್ನು ಕೈಗೆ ಕೊಟ್ಟು ಹೇಳಿಸುವುದುಂಟು. ಮೊಬೈಲು ನೋಡಿ ಒಪ್ಪಿಸುವವರೂ ಉಂಟು. ಓದಿದ ಹುಡುಗಿಯರು ಗಂಡನ ಹೆಸರನ್ನು ಮನೆಯಲ್ಲಿಯೂ ಹೊರಗೂ ನಿರಾತಂಕವಾಗಿ ಹೇಳುವುದರಿಂದ ಹಿಂದಿನ ರೋಮಾಂಚನ ಆಟದಲ್ಲಿ ಅಷ್ಟಾಗಿ ಉಳಿದಿಲ್ಲ. ಆ ಆಟದಲ್ಲಿ ಹೀಗೆ ಕಡಿಮೆಯಾದ ರುಚಿಗೆ ವ್ಯಥೆಪಡಬೇಕಾದ ಕಾರಣವೂ ಇಲ್ಲ.

ಕಚೇರಿಯ ಪುಸ್ತಕದಲ್ಲಿಯೂ ಪ್ರಶ್ನೆ ಬದಲಾಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಅದರ ಸೌಲಭ್ಯಕ್ಕೆ ಅರ್ಹವಾದ ಮನೆಯಲ್ಲಿ ಹದಿನೆಂಟು ವರ್ಷ ತುಂಬಿದ ಹೆಂಗಸರ ಪೈಕಿ ಹಿರಿಯಳೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಹೀಗಾಗಿ ಮನೆಯ ಯಜಮಾನರ ಹೆಸರೇನೆಂದು ಕೇಳಿದಾಗ ಹಳೆಯ ಅಭ್ಯಾಸದಂತೆ ಸೆರಗನ್ನು ಬಾಯಿಗೆ ಹಿಡಿದು ಮೊಮ್ಮಗನತ್ತ ನೋಡುವ ಅಜ್ಜಿಗೆ, ಕೇಳುತ್ತಿರುವುದು ಅಜ್ಜನ ಹೆಸರಲ್ಲ, ನಿನ್ನದೇ ಹೆಸರು ಎಂದು ಬಿಡಿಸಿ ಹೇಳಬೇಕಾಗುತ್ತದೆ. ತವರಿನವರು ಇಟ್ಟ ಆ ಹೆಸರನ್ನು ಹಿಡಿದು ಅವಳನ್ನು ಕರೆದವರು ಎಷ್ಟೋ ವರ್ಷಗಳಿಂದ ಇಲ್ಲ. ಅತ್ತೆ, ಅವ್ವ, ಅಜ್ಜಿ ಎಂಬ ಕರೆಗಳ ಕೆಳಗೆ ಅದು ಹೂತುಹೋಗಿರುತ್ತದೆ. ಅವಳು ಒಂದು ಕ್ಷಣ ತಡೆದು, ಆಮೇಲೆ ಹೇಳುತ್ತಾಳೆ. ಅದರ ಮುಂದಿನ ಅಂಕಣದಲ್ಲಿ ಗಂಡನ ಹೆಸರು ಬಂದಾಗ ಮೊಮ್ಮಗನ ಬೆನ್ನು ತಟ್ಟುತ್ತಾಳೆ.